ಕೆಲಸದ ಪಟ್ಟಿ ಮತ್ತು ಸರದಿಯ ಗಣಿತ: ವೈಯಕ್ತಿಕ ಉತ್ಪಾದಕತೆಯ ವಿಧಾನಗಳ ಒಂದು ವಿಮರ್ಶೆ

ಗಣಕ ಮತ್ತು ಅಂತರಜಾಲಗಳಿಂದ ನಮ್ಮ ಅನೇಕ ಕೆಲಸಗಳು ಹಗುರಾಗಿವೆ ಎನ್ನುವುದರಲ್ಲಿ ಸಂದೇಹವಿಲ್ಲ. ಹಿಂದೆ ಟೈಪಿಸ್ಟರ ಬಿಡುವಿಗಾಗಿ ಕಾದು ಸಿದ್ಧಪಡಿಸಿಕೊಳ್ಳಬೇಕಾಗಿದ್ದ ಪ್ರಶ್ನೆಪತ್ರಿಕೆಯನ್ನು ಇಂದು ಅಧ್ಯಾಪಕರು ತಾವೇ ಒಂದು ಸಂಜೆಯಲ್ಲಿ ಮುಗಿಸಬಲ್ಲರು. ಆದರೂ ಗಣಕದ ಮುಂದೆ ಕುಳಿತು ದುಡಿಯುವ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: 'ಸಮಯ ಸಾಲುತ್ತಿಲ್ಲ'. ಈ ಕೊರತೆಯನ್ನು ನೀಗಿಸುತ್ತೇವೆಂದು ಹೇಳುವ ಪುಸ್ತಕಗಳು, ತಂತ್ರಾಂಶಗಳು, ಮೊಬೈಲ್ ಆ್ಯಪ್‌ಗಳು ಈಗ ಲೆಕ್ಕವಿಲ್ಲದಷ್ಟಿವೆ. ಇವನ್ನೆಲ್ಲ ಒಟ್ಟಾಗಿ ವೈಯಕ್ತಿಕ ಉತ್ಪಾದಕತೆಯ ಸಾಧನಗಳೆಂದು ಕರೆಯುವುದು ರೂಢಿ. ಸಾಫ್ಟ್‌ವೇರ್ ವೃತ್ತಿಯವರಲ್ಲಿ ಜನಪ್ರಿಯವಾದ ಇವು ಈಗ ಕಾಲೇಜು ಅಧ್ಯಾಪಕರ ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮೇಜಿಗೂ ಬಂದಿವೆ.

ಒಂದು ಸಾಧನ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು ಅದು ಯಾವ ಪರಿಮಾಣವನ್ನು ಬದಲಿಸುತ್ತದೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂದು ಕೇಳುವುದು ವಿಜ್ಞಾನದ ಅಭ್ಯಾಸ. ಈ ಕ್ಷೇತ್ರದಲ್ಲಿ ಬಹಳ ಪ್ರಭಾವ ಬೀರಿದ ಒಂದು ಪುಸ್ತಕವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳೋಣ. ಉತ್ತರಕ್ಕೆ ಬೇಕಾದ ಗಣಿತ ಪದವಿ ತರಗತಿಯ ಮಟ್ಟವನ್ನು ಮೀರುವುದಿಲ್ಲ.

ಪುಸ್ತಕದ ತಿರುಳು

ಅಮೆರಿಕದ ನಿರ್ವಹಣಾ ಸಲಹೆಗಾರ ಡೇವಿಡ್ ಅಲೆನ್ ಅವರ 'ಗೆಟ್ಟಿಂಗ್ ಥಿಂಗ್ಸ್ ಡನ್' 2001ರಲ್ಲಿ ಪ್ರಕಟವಾಯಿತು. ಅದರ ಪರಿಷ್ಕೃತ ಆವೃತ್ತಿ 2015ರಲ್ಲಿ ಬಂತು. ಹಿಡಿದ ಕೆಲಸಗಳನ್ನು ಒತ್ತಡವಿಲ್ಲದೆ ಮುಗಿಸುವುದು ಹೇಗೆ ಎಂಬುದೇ ಅದರ ವಿಷಯ. ವಿಧಾನದಲ್ಲಿ ಐದು ಹಂತಗಳಿವೆ. ತಲೆಯಲ್ಲಿ ಸುಳಿದಾಡುವ ಎಲ್ಲ ಬಾಕಿಗಳನ್ನೂ ಬರೆದು ಒಂದೆಡೆ ಕೂಡಿಸುವುದು ಮೊದಲನೆಯದು. ಪ್ರತಿಯೊಂದನ್ನೂ ಎತ್ತಿಕೊಂಡು, ಅದರ ಬಗ್ಗೆ ಏನಾದರೂ ಮಾಡಬೇಕೇ, ಮಾಡಬೇಕಾದರೆ ಮುಂದಿನ ಹೆಜ್ಜೆ ಯಾವುದು ಎಂದು ಸ್ಪಷ್ಟಪಡಿಸಿಕೊಳ್ಳುವುದು ಎರಡನೆಯದು. ದೂರವಾಣಿಯಲ್ಲಿ ಆಗುವ ಕೆಲಸ, ಗಣಕದ ಮುಂದೆ ಆಗುವ ಕೆಲಸ, ಮನೆಯಲ್ಲಿ ಆಗುವ ಕೆಲಸ, ಪೇಟೆಗೆ ಹೋದಾಗ ಆಗುವ ಕೆಲಸ ಎಂದು ಬೇರೆ ಬೇರೆ ಪಟ್ಟಿಗಳಲ್ಲಿ ಜೋಡಿಸುವುದು ಮೂರನೆಯದು. ವಾರಕ್ಕೊಮ್ಮೆ ಎಲ್ಲ ಪಟ್ಟಿಗಳನ್ನೂ ಪರಿಶೀಲಿಸುವುದು ನಾಲ್ಕನೆಯದು. ಕೊನೆಯದು ಕೆಲಸ ಮಾಡುವುದು.

ಪುಸ್ತಕದ ಇನ್ನೊಂದು ಸೂತ್ರ ಬಹಳ ಪ್ರಸಿದ್ಧವಾಗಿದೆ. ಬಂದ ಕೆಲಸಗಳನ್ನು ವಿಂಗಡಿಸುವಾಗ ಎರಡು ನಿಮಿಷದೊಳಗೆ ಮುಗಿಯುವಂಥದ್ದು ಕಂಡರೆ ಅದನ್ನು ಪಟ್ಟಿಗೆ ಸೇರಿಸದೆ ಆಗಲೇ ಮಾಡಿ ಮುಗಿಸಬೇಕು. ಒಂದಕ್ಕಿಂತ ಹೆಚ್ಚು ಹೆಜ್ಜೆ ಬೇಕಾದ ಯಾವುದೇ ಗುರಿಯನ್ನು ಅಲೆನ್ 'ಪ್ರಾಜೆಕ್ಟ್' ಎಂದು ಕರೆಯುತ್ತಾರೆ. ಹೆಚ್ಚಿನವರ ಕೈಯಲ್ಲಿ ಇಂತಹವು 30ರಿಂದ 100 ಇರುತ್ತವೆ ಎಂಬುದು ಅವರ ಅಂದಾಜು. ಈ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಈ ವಿಧಾನವನ್ನು ಕಾಗದದ ಮೇಲೂ ನಡೆಸಬಹುದು, ಗಣಕದಲ್ಲೂ ನಡೆಸಬಹುದು. 2003ರಲ್ಲಿ ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ ಟಿಪ್ಪಣಿಗಳಿಗೂ ಕೆಲಸದ ಯೋಜನೆಗೂ ರೂಪಿಸಿದ 'ಆರ್ಗ್ ಮೋಡ್' ಎಂಬ ಮುಕ್ತ ತಂತ್ರಾಂಶವನ್ನು ಹಲವರು ಇದಕ್ಕೆ ಬಳಸುತ್ತಾರೆ. ಅದರ ಕಡತಗಳು ಸರಳ ಪಠ್ಯರೂಪದಲ್ಲಿರುವುದರಿಂದ ಯಾವ ಗಣಕದಲ್ಲಾದರೂ ತೆರೆಯಬಹುದು.

ಒಪ್ಪಬೇಕಾದ ಮಾತು

ಪುಸ್ತಕದ ಮೂಲ ವಾದ, ನಮ್ಮ ತಲೆ ಬಾಕಿಗಳನ್ನು ಕಾಪಾಡುವ ಉಗ್ರಾಣವಲ್ಲ ಎಂಬುದು. ಇದಕ್ಕೆ ಮನೋವಿಜ್ಞಾನದ ಆಧಾರವಿದೆ. ತಾತ್ಕಾಲಿಕ ಸ್ಮರಣೆಯಲ್ಲಿ ಒಮ್ಮೆಗೆ ಸುಮಾರು ಏಳು ಅಂಶಗಳು ನಿಲ್ಲುತ್ತವೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನೆಲ್ಸನ್ ಕೋವನ್ 2001ರಲ್ಲಿ ಆ ಮಿತಿಯನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಸಂಖ್ಯೆ ಯಾವುದೇ ಇರಲಿ, 60 ಬಾಕಿಗಳನ್ನು ತಲೆಯಲ್ಲೇ ಇಟ್ಟುಕೊಳ್ಳುವುದು ಸಾಧ್ಯವಿಲ್ಲ.

ಮುಗಿಯದ ಕೆಲಸ ಮನಸ್ಸನ್ನು ಕಾಡುತ್ತದೆ ಎಂಬುದಕ್ಕೆ ಬರ್ಲಿನ್ನಿನಲ್ಲಿ ಬ್ಲೂಮಾ ಝೈಗಾರ್ನಿಕ್ ನಡೆಸಿ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಉದಾಹರಿಸುವುದುಂಟು. ಅರ್ಧಕ್ಕೆ ನಿಲ್ಲಿಸಿದ ಕೆಲಸಗಳೇ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂಬುದು ಆಕೆಯ ಫಲಿತಾಂಶ. ಆದರೆ ಅನಂತರ ಬೇರೆಯವರು ಆ ಪ್ರಯೋಗವನ್ನು ಮರಳಿ ಮಾಡಿದಾಗ ಪ್ರತಿ ಸಲವೂ ಅದೇ ಫಲಿತಾಂಶ ಬರಲಿಲ್ಲ. ಅದಕ್ಕಿಂತ ಹೆಚ್ಚು ಪ್ರಸ್ತುತವಾದದ್ದು 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಪ್ರಕಟಿಸಿದ ಅಧ್ಯಯನ. ಮುಗಿಯದ ಗುರಿಗಳು ಬೇರೆ ಕೆಲಸದ ನಡುವೆ ತಲೆಹಾಕುತ್ತವೆ, ಆದರೆ ಅವುಗಳಿಗೆ ಒಂದು ನಿರ್ದಿಷ್ಟ ಯೋಜನೆ ಮಾಡಿಕೊಂಡವರಲ್ಲಿ ಈ ತೊಂದರೆ ಕಾಣಲಿಲ್ಲ ಎಂದು ಅವರು ತೋರಿಸಿದರು. ಕೆಲಸ ಮುಗಿಯಬೇಕಿಲ್ಲ, ಯಾವಾಗ ಹೇಗೆ ಮಾಡುತ್ತೇನೆ ಎಂದು ಗೊತ್ತಾದರೆ ಸಾಕು.

ಆದ್ದರಿಂದ ಬರೆದಿಡುವುದು, ಮುಂದಿನ ಹೆಜ್ಜೆಯನ್ನು ಸ್ಪಷ್ಟ ಮಾಡಿಕೊಳ್ಳುವುದು, ವಾರಕ್ಕೊಮ್ಮೆ ನೋಡುವುದು ಇವೆಲ್ಲ ಒಳ್ಳೆಯ ಸಲಹೆಗಳೇ. ಪ್ರಯೋಗಾಲಯದಲ್ಲಿ ವಾಚ್ಯಾಂಕವನ್ನು ಕೂಡಲೇ ದಾಖಲೆ ಪುಸ್ತಕದಲ್ಲಿ ಬರೆಯಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದೂ ಇದೇ ಕಾರಣಕ್ಕೆ. ಇಷ್ಟನ್ನು ಒಪ್ಪಿಕೊಂಡು ಮುಂದೆ ಹೋಗೋಣ.

ವೇಗದ ಉಪಕರಣಗಳಿಂದ ಎಷ್ಟು ಲಾಭ?

ಕೀಲಿಮಣೆಯ ಅಡ್ಡದಾರಿಗಳು, ಪದೇ ಪದೇ ಬರುವ ವಾಕ್ಯವನ್ನು ತಾನೇ ಮೂಡಿಸುವ ತಂತ್ರಾಂಶ, ಎರಡು ಪರದೆಗಳ ಗಣಕ ಮುಂತಾದವನ್ನು ಸಮಯ ಉಳಿಸುವ ಉಪಾಯಗಳೆಂದು ಹೇಳುತ್ತಾರೆ. ಇವುಗಳ ಲಾಭವನ್ನು ಅಳೆಯಲು ಗಣಕವಿಜ್ಞಾನದಲ್ಲೇ ಒಂದು ಅಳತೆಗೋಲಿದೆ. ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಗಣಕ ವಿನ್ಯಾಸಕ್ಕೆ ಬಂದ ಜೀನ್ ಅಮ್ದಾಲ್ 1967ರಲ್ಲಿ ಮಂಡಿಸಿದ ವಾದವದು. ಒಟ್ಟು ಕಾಲದ ಯಾವ ಭಾಗವನ್ನು ಚುರುಕುಗೊಳಿಸುತ್ತೇವೋ ಆ ಭಾಗ ಚಿಕ್ಕದಾದರೆ, ಎಷ್ಟೇ ಚುರುಕುಗೊಳಿಸಿದರೂ ಒಟ್ಟು ಲಾಭ ಚಿಕ್ಕದೇ.

ಒಂದು ಸಂಶೋಧನಾ ಪ್ರಬಂಧ ಸಿದ್ಧಪಡಿಸಲು 100 ಗಂಟೆ ಹಿಡಿಯುತ್ತದೆ, ಅದರಲ್ಲಿ ಬೆರಳಚ್ಚಿಗೆ 10 ಗಂಟೆ ಎಂದಿಟ್ಟುಕೊಳ್ಳಿ. ಬೆರಳಚ್ಚಿನ ವೇಗ ಎರಡರಷ್ಟಾದರೆ ಉಳಿಯುವುದು 5 ಗಂಟೆ. ಬೆರಳಚ್ಚಿಗೆ ಕಾಲವೇ ಬೇಡವಾದರೂ 10 ಗಂಟೆಗಿಂತ ಹೆಚ್ಚು ಉಳಿಯದು. ಉಳಿದ 90 ಗಂಟೆಗಳು ಓದುವುದಕ್ಕೆ, ಲೆಕ್ಕಕ್ಕೆ, ಯೋಚನೆಗೆ ಸೇರಿದವು. ಇದಕ್ಕೆ ವಿರುದ್ಧವಾದ ಸಂದರ್ಭಗಳೂ ಇವೆ. ಕನ್ನಡದಲ್ಲಿ ಟಿಪ್ಪಣಿ ಮತ್ತು ಪ್ರಶ್ನೆಪತ್ರಿಕೆ ತಯಾರಿಸುವ ಅಧ್ಯಾಪಕರು ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತಿದ್ದರೆ ಅಲ್ಲಿ ಬೆರಳಚ್ಚಿನ ಪಾಲೇ ದೊಡ್ಡದು. ಅವರು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ನೋಡದೆ ಬಳಸಲು ಕಲಿತರೆ ನಿಜವಾದ ಉಳಿತಾಯವಾಗುತ್ತದೆ. ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಟ್ಟರೆ, ಐದು ವರ್ಷದ ಹಿಂದಿನ ಪ್ರಶ್ನೆಯೂ ಹುಡುಕಿದ ಕೂಡಲೇ ಸಿಗುತ್ತದೆ. ಅಂದರೆ ಮೊದಲು ಅಳೆಯಬೇಕು, ಆಮೇಲೆ ಉಪಕರಣ ಕೊಳ್ಳಬೇಕು.

ಅಳತೆ ಏಕೆ ಬೇಕೆಂದರೆ ನಮ್ಮ ಅನಿಸಿಕೆ ಇಲ್ಲಿ ನಂಬತಕ್ಕದ್ದಲ್ಲ. ಅಮೆರಿಕದ 'ಮೀಟರ್' ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. 16 ಮಂದಿ ಅನುಭವಿ ಪ್ರೋಗ್ರಾಮರುಗಳಿಗೆ ತಮಗೆ ಚೆನ್ನಾಗಿ ಪರಿಚಯವಿದ್ದ ತಂತ್ರಾಂಶಗಳಲ್ಲೇ 246 ಕೆಲಸಗಳನ್ನು ಕೊಟ್ಟು, ಕೆಲವಕ್ಕೆ ಕೃತಕ ಬುದ್ಧಿಮತ್ತೆಯ ಸಾಧನ ಬಳಸಲು ಬಿಟ್ಟು, ಕೆಲವಕ್ಕೆ ಬಿಡದೆ, ಕಾಲವನ್ನು ಅಳೆಯಲಾಯಿತು. ಸಾಧನ ಬಳಸಲು ಬಿಟ್ಟಾಗ ಶೇಕಡಾ 19ರಷ್ಟು ಹೆಚ್ಚು ಕಾಲ ಹಿಡಿಯಿತು. ಆದರೆ ಕೆಲಸ ಮುಗಿದ ಮೇಲೂ ಅವರು ತಾವು ಸುಮಾರು ಶೇಕಡಾ 20ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು. ಪ್ರಯೋಗ ಚಿಕ್ಕದು, ಸಾಧನಗಳು 2025ರ ಆರಂಭದವು, ಬೇರೆ ಜನ ಬೇರೆ ಕೆಲಸಗಳಲ್ಲಿ ಫಲಿತಾಂಶ ಬೇರೆಯಾಗಬಹುದು. ಆದರೆ 'ನನಗೆ ಬೇಗ ಆದಂತೆ ಅನಿಸಿತು' ಎಂಬುದು ಪುರಾವೆಯಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಪಟ್ಟಿ ಮುಟ್ಟದ ಪರಿಮಾಣ

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಬಾಕಿ ಕೆಲಸಗಳ ಪಟ್ಟಿ ಎಂದರೆ ಒಂದು ಸರದಿ ಸಾಲು. ನ್ಯಾಯಬೆಲೆ ಅಂಗಡಿಯ ಮುಂದೆ ಜನ ನಿಂತಂತೆ ನಮ್ಮ ಮುಂದೆ ಕೆಲಸಗಳು ನಿಂತಿರುತ್ತವೆ. ಸಾಲಿನ ಗಣಿತವನ್ನು ಡೆನ್ಮಾರ್ಕಿನ ಎರ್ಲಾಂಗ್ ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದಾಗ ಆರಂಭಿಸಿದರು. ಅವರ ಮೊದಲ ಪ್ರಬಂಧ 1909ರದು. ಈ ಗಣಿತದ ಅತ್ಯಂತ ಸರಳ ಸೂತ್ರವನ್ನು 1961ರಲ್ಲಿ ಸಾಧಿಸಿ ತೋರಿಸಿದವರು, ಭೌತವಿಜ್ಞಾನಿ ಫಿಲಿಪ್ ಮೋರ್ಸ್ ಅವರ ಶಿಷ್ಯ ಜಾನ್ ಲಿಟಲ್:

ಸಾಲಿನಲ್ಲಿರುವವರ ಸರಾಸರಿ ಸಂಖ್ಯೆ = ಬರುವ ದರ × ಒಬ್ಬರು ಒಳಗಿರುವ ಸರಾಸರಿ ಕಾಲ

ಒಂದು ದರ್ಶಿನಿ ಹೋಟೆಲಿಗೆ ನಿಮಿಷಕ್ಕೆ 3 ಜನ ಬರುತ್ತಾರೆ, ಒಬ್ಬೊಬ್ಬರು ಸರಾಸರಿ 20 ನಿಮಿಷ ಇರುತ್ತಾರೆ ಎಂದರೆ ಒಳಗೆ ಸರಾಸರಿ 60 ಜನ ಇರುತ್ತಾರೆ. ಇದು ದೀರ್ಘಕಾಲದ ಸ್ಥಿರಸ್ಥಿತಿಗೆ ಅನ್ವಯಿಸುವ ಸೂತ್ರ. ಜನ ಹೇಗೆ ಬರುತ್ತಾರೆ, ಯಾವ ಕ್ರಮದಲ್ಲಿ ಹೋಗುತ್ತಾರೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಇದನ್ನು ಅಲೆನ್ ಅವರ ಅಂದಾಜಿಗೆ ಹಚ್ಚಿ ನೋಡಿ. ಒಬ್ಬ ಅಧ್ಯಾಪಕರ ಕೈಯಲ್ಲಿ 60 ಪ್ರಾಜೆಕ್ಟುಗಳಿವೆ, ವಾರಕ್ಕೆ 3 ಮುಗಿಯುತ್ತವೆ, 3 ಹೊಸವು ಬರುತ್ತವೆ. ಹಾಗಾದರೆ ಒಂದು ಪ್ರಾಜೆಕ್ಟು ಕೈಗೆ ಬಂದು ಮುಗಿಯಲು ಸರಾಸರಿ 20 ವಾರ ಹಿಡಿಯುತ್ತದೆ. ಒಂದು ಸೆಮಿಸ್ಟರಿಗಿಂತ ಹೆಚ್ಚಿನ ಕಾಲವಿದು. ಅವರು ಪಟ್ಟಿಯನ್ನು ಎಷ್ಟೇ ಅಚ್ಚುಕಟ್ಟಾಗಿ ಇಟ್ಟುಕೊಂಡರೂ, ಬಣ್ಣ ಬಣ್ಣದ ಗುರುತು ಹಾಕಿದರೂ, ಈ 60 ಮತ್ತು 3 ಬದಲಾಗದಿದ್ದರೆ 20 ಎಂಬುದೂ ಬದಲಾಗದು. ಅದೇ ವೇಗದಲ್ಲಿ ಕೆಲಸ ಮಾಡುತ್ತ, ಕೈಯಲ್ಲಿರುವ ಪ್ರಾಜೆಕ್ಟುಗಳನ್ನು 15ಕ್ಕೆ ಮಿತಿಗೊಳಿಸಿದರೆ ಸರಾಸರಿ ಕಾಲ 5 ವಾರಕ್ಕೆ ಇಳಿಯುತ್ತದೆ. ವಾರಕ್ಕೆ ಮುಗಿಯುವ ಕೆಲಸ ಒಂದೂ ಹೆಚ್ಚಲಿಲ್ಲ; ಕಾಯುವುದು ಮಾತ್ರ ನಾಲ್ಕನೇ ಒಂದು ಭಾಗವಾಯಿತು.

ಎರಡನೆಯ ಸಂಗತಿ ಇನ್ನೂ ಕಠಿಣವಾದದ್ದು. ಕೆಲಸಗಳು ಗೊತ್ತಾದ ಹೊತ್ತಿಗೆ ಬರುವುದಿಲ್ಲ, ಎಲ್ಲವೂ ಒಂದೇ ಅಳತೆಯವೂ ಅಲ್ಲ. ಈ ಯಾದೃಚ್ಛಿಕತೆಯನ್ನು ಸೇರಿಸಿದ ಅತಿ ಸರಳ ಮಾದರಿಯಲ್ಲಿ, ಒಂದು ಕೆಲಸ ಬಂದು ಮುಗಿಯುವ ಸರಾಸರಿ ಕಾಲ ಎಂದರೆ ಅದನ್ನು ಮಾಡಲು ಬೇಕಾದ ಕಾಲವನ್ನು ನಮ್ಮ ಬಿಡುವಿನ ಅಂಶದಿಂದ ಭಾಗಿಸಿದಷ್ಟು. ಅರ್ಧ ಗಂಟೆಯ ಕೆಲಸವೊಂದನ್ನು ತೆಗೆದುಕೊಳ್ಳಿ. ನಮ್ಮ ಕಾಲದ ಶೇಕಡಾ 50 ತುಂಬಿದ್ದರೆ ಅದು ಮುಗಿಯಲು ಸರಾಸರಿ 1 ಗಂಟೆ. ಶೇಕಡಾ 80 ತುಂಬಿದ್ದರೆ ಎರಡೂವರೆ ಗಂಟೆ. ಶೇಕಡಾ 90ಕ್ಕೆ 5 ಗಂಟೆ, ಶೇಕಡಾ 95ಕ್ಕೆ 10 ಗಂಟೆ. ಶೇಕಡಾ 100ಕ್ಕೆ ಹತ್ತಿರವಾದಂತೆ ಈ ಕಾಲ ಅನಂತದ ಕಡೆಗೆ ಏರುತ್ತದೆ. ಕೊನೆಯ ಹಂತದಲ್ಲಿ ಹೊರೆ 90ರಿಂದ 95ಕ್ಕೆ, ಅಂದರೆ ಕೇವಲ ಐದು ಅಂಶ ಏರಿದಾಗ, ಕಾಯುವ ಕಾಲ ಇಮ್ಮಡಿಯಾಯಿತು ಎಂಬುದನ್ನು ಗಮನಿಸಿ.

ಮನುಷ್ಯ ದೂರವಾಣಿ ಕೇಂದ್ರವಲ್ಲ, ನಿಜ. ಆದರೆ ಬಿಡುವು ಕಡಿಮೆಯಾದಂತೆ ಬಾಕಿ ಹೊರೆಗಿಂತ ಬಹು ವೇಗವಾಗಿ ಏರುತ್ತದೆ ಎಂಬ ಫಲಿತಾಂಶ ಮಾದರಿಯ ವಿವರಗಳನ್ನು ಹೆಚ್ಚಾಗಿ ಅವಲಂಬಿಸಿಲ್ಲ. ದಿನಚರಿಯ ಪ್ರತಿ ನಿಮಿಷವನ್ನೂ ತುಂಬಿಸಿಕೊಡುವುದನ್ನೇ ಯಶಸ್ಸೆಂದು ತೋರಿಸುವ ಆ್ಯಪ್‌ಗಳು ನಮ್ಮನ್ನು ಈ ವಕ್ರರೇಖೆಯ ಕಡಿದಾದ ತುದಿಗೆ ಕರೆದೊಯ್ಯುತ್ತವೆ.

ಈ ಮಾತನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಹಾವು ಏಣಿ ಆಟದ ಎರಡು ದಾಳಗಳು ಸಾಕು. ಒಂದು ದಾಳದಲ್ಲಿ ಬಿದ್ದ ಸಂಖ್ಯೆ ಆ ದಿನ ಬಂದ ಕೆಲಸ, ಇನ್ನೊಂದರಲ್ಲಿ ಬಿದ್ದದ್ದು ಆ ದಿನ ಮಾಡಬಲ್ಲ ಕೆಲಸ. ಉಳಿದದ್ದು ನಾಳೆಯ ಬಾಕಿಗೆ ಸೇರುತ್ತದೆ. ಮಿಕ್ಕ ಸಾಮರ್ಥ್ಯವನ್ನು ಕೂಡಿಡುವಂತಿಲ್ಲ. ಎರಡರ ಸರಾಸರಿಯೂ 3.5 ಆದ್ದರಿಂದ ಬಾಕಿ ಉಳಿಯಲಾರದು ಎಂದು ವಿದ್ಯಾರ್ಥಿಗಳು ಊಹಿಸುತ್ತಾರೆ. 100 ದಿನ ಆಡಿಸಿ, ಹಲವು ಗುಂಪುಗಳ ಸರಾಸರಿ ತೆಗೆದರೆ ಬಾಕಿ 18ರ ಆಸುಪಾಸಿಗೆ ಬಂದಿರುತ್ತದೆ, ಮತ್ತು ದಿನಗಳ ವರ್ಗಮೂಲದಂತೆ ಏರುತ್ತಲೇ ಹೋಗುತ್ತದೆ. ಯಾದೃಚ್ಛಿಕ ನಡಿಗೆಯನ್ನು ಓದಿದವರಿಗೆ ಕಾರಣ ಹೊಳೆಯುತ್ತದೆ. ಈಗ ಸಾಮರ್ಥ್ಯದ ದಾಳಕ್ಕೆ ಪ್ರತಿದಿನ 1 ಕೂಡಿಸಿ. ಹೊರೆ ಸುಮಾರು ಶೇಕಡಾ 78ಕ್ಕೆ ಇಳಿಯುತ್ತದೆ, ಸರಾಸರಿ ಬಾಕಿ ಎರಡರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಒಂದು ಅಂಕಿಯೇ ಬಿಡುವು.

ಎರಡು ನಿಮಿಷದ ಸೂತ್ರಕ್ಕೆ ತೆರುವ ಬೆಲೆ

ಅಲೆನ್ ಅವರ ಎರಡು ನಿಮಿಷದ ಸೂತ್ರ ಮೇಲ್ನೋಟಕ್ಕೆ ನಿರುಪದ್ರವಿ. ಗಣಿತದ ದೃಷ್ಟಿಯಿಂದ ಅದು 'ಚಿಕ್ಕ ಕೆಲಸ ಮೊದಲು' ಎಂಬ ನಿಯಮದ ಒಂದು ರೂಪ. ಕೈಯಲ್ಲಿರುವ ಕೆಲಸಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮಾಡುತ್ತ ಹೋದರೆ ಕಾಯುವ ಸರಾಸರಿ ಕಾಲ ಕನಿಷ್ಠವಾಗುತ್ತದೆ ಎಂಬುದು ಸಾಧಿತವಾದ ಸಂಗತಿ; ಡಬ್ಲ್ಯು.ಇ. ಸ್ಮಿತ್ 1956ರಲ್ಲೇ ಇದನ್ನು ತೋರಿಸಿದ್ದಾರೆ. ಆದ್ದರಿಂದ ಈ ಸೂತ್ರ ಪಾಲಿಸುವವರಿಗೆ ಪಟ್ಟಿ ಬೇಗ ಬೇಗ ಚಿಕ್ಕದಾಗುವುದು ಭ್ರಮೆಯಲ್ಲ.

ಆದರೆ ಸರಾಸರಿ ಕಡಿಮೆಯಾಗುವುದು ಯಾರ ವೆಚ್ಚದಲ್ಲಿ? ದೊಡ್ಡ ಕೆಲಸದ ವೆಚ್ಚದಲ್ಲಿ. ಹೊಸ ಚಿಕ್ಕ ಕೆಲಸಗಳು ಬರುತ್ತಲೇ ಇದ್ದರೆ ದೊಡ್ಡದಕ್ಕೆ ಸರದಿಯೇ ಬರುವುದಿಲ್ಲ. ಗಣಕದ ಕಾರ್ಯಾಚರಣೆ ವ್ಯವಸ್ಥೆಯನ್ನು ರೂಪಿಸುವವರು ಇದನ್ನು 'ಉಪವಾಸ ಬೀಳುವುದು' ಎಂದು ಕರೆದು, ಅದಕ್ಕೆ ಪರಿಹಾರವನ್ನೂ ಇಟ್ಟಿದ್ದಾರೆ: ಬಹಳ ಹೊತ್ತು ಕಾದ ಕೆಲಸದ ಆದ್ಯತೆ ತಾನೇ ಏರುತ್ತ ಹೋಗುತ್ತದೆ. ಅಲೆನ್ ಅವರ ವಿಧಾನದಲ್ಲಿ ವಾರದ ಪರಿಶೀಲನೆ ಇದೆ, ತಾನಾಗಿ ಏರುವ ಇಂತಹ ಆದ್ಯತೆ ಇಲ್ಲ. ದಿನಕ್ಕೆ 45 ಪತ್ರಗಳು ತಲಾ ಎರಡು ನಿಮಿಷ ಕೇಳಿದರೆ ಒಂದೂವರೆ ಗಂಟೆ ಹೋಯಿತು. ಅಧ್ಯಾಪಕರ ಬದುಕಿನಲ್ಲಿ ದೊಡ್ಡ ಕೆಲಸಗಳು ಯಾವುವು? ಪಾಠದ ಸಿದ್ಧತೆ, ಹೊಸ ಪ್ರಯೋಗವೊಂದರ ಜೋಡಣೆ, ಹಿಂದುಳಿದ ವಿದ್ಯಾರ್ಥಿಗೆ ಬಿಡಿಸಿ ಹೇಳುವುದು, ಸಂಶೋಧನೆ. ಚಿಕ್ಕವು ಯಾವುವು? ಪತ್ರಕ್ಕೆ ಉತ್ತರ, ನಮೂನೆ ತುಂಬುವುದು, ಸಭೆಯ ದಿನಾಂಕ ತಿಳಿಸುವುದು. ಯಾವುದು ಉಪವಾಸ ಬೀಳುತ್ತಿದೆ ಎಂಬುದನ್ನು ಓದುಗರು ತಮ್ಮ ದಿನಚರಿ ನೋಡಿ ತಾವೇ ನಿರ್ಧರಿಸಲಿ.

ಒಂದೇ ಕಾಲಕ್ಕೆ ಹಲವು ಕೆಲಸ

ಪಟ್ಟಿ ಉದ್ದವಾದಾಗ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಂದೂಡುತ್ತ ಹೋಗುವುದು ಸಹಜ. ತಲಾ 4 ದಿನ ಬೇಕಾದ ಮೂರು ಕೆಲಸಗಳಿವೆ ಎನ್ನಿ. ಒಂದಾದ ಮೇಲೊಂದು ಮಾಡಿದರೆ ಅವು 4, 8, 12ನೇ ದಿನ ಮುಗಿಯುತ್ತವೆ. ಸರಾಸರಿ 8 ದಿನ. ದಿನಕ್ಕೊಂದರಂತೆ ಸರದಿಯಲ್ಲಿ ಮಾಡಿದರೆ 10, 11, 12ನೇ ದಿನ ಮುಗಿಯುತ್ತವೆ. ಸರಾಸರಿ 11 ದಿನ. ಯಾವ ಕೆಲಸವೂ ಬೇಗ ಮುಗಿಯಲಿಲ್ಲ, ಎರಡು ತಡವಾದವು. ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸಲು ಬೇಕಾದ ಕಾಲವನ್ನು ನಾವಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಅದನ್ನೂ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಗಣಕವೇ ಸಾಕ್ಷಿ. ಸ್ಮೃತಿ ಹಿಡಿಸುವುದಕ್ಕಿಂತ ಹೆಚ್ಚು ಪ್ರೋಗ್ರಾಮುಗಳನ್ನು ಒಮ್ಮೆಲೇ ನಡೆಸಿದರೆ ಗಣಕ ಮಾಹಿತಿಯನ್ನು ಒಳಗೆ ಹೊರಗೆ ಸಾಗಿಸುವುದರಲ್ಲೇ ಮುಳುಗಿ, ಮಾಡಬೇಕಾದ ಲೆಕ್ಕ ನಿಂತೇ ಹೋಗುತ್ತದೆ. ಪೀಟರ್ ಡೆನ್ನಿಂಗ್ 1968ರಲ್ಲಿ ಈ ಸ್ಥಿತಿಯನ್ನು ವಿಶ್ಲೇಷಿಸಿದರು. ಸಂಸ್ಕಾರಕವನ್ನು ವೇಗಗೊಳಿಸುವುದರಿಂದ ಇದು ಸರಿಹೋಗುವುದಿಲ್ಲ. ಒಮ್ಮೆಗೆ ಒಳಬಿಡುವ ಪ್ರೋಗ್ರಾಮುಗಳನ್ನು ಕಡಿಮೆ ಮಾಡಬೇಕು.

ಜನರ ತಂಡಕ್ಕೂ ಇದು ಅನ್ವಯಿಸುತ್ತದೆ. 2004ರ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನ ಒಳಬಳಕೆಯ ತಂತ್ರಾಂಶಗಳ ನಿರ್ವಹಣೆಯನ್ನು ಹೈದರಾಬಾದಿನಲ್ಲಿದ್ದ ಒಂದು ಚಿಕ್ಕ ತಂಡಕ್ಕೆ ವಹಿಸಿತ್ತು. ಒಂದು ಬೇಡಿಕೆ ಪೂರೈಸಲು ಸುಮಾರು ಐದು ತಿಂಗಳು ಹಿಡಿಯುತ್ತಿತ್ತು. ಅಲ್ಲಿಗೆ ಸಲಹೆ ನೀಡಿದ ಡೇವಿಡ್ ಆ್ಯಂಡರ್ಸನ್ ಮೊದಲು ಸೂಚಿಸಿದ್ದು ಜನಬಲ ಹೆಚ್ಚಿಸುವುದನ್ನಲ್ಲ. ಪ್ರತಿ ಹೊಸ ಬೇಡಿಕೆಗೂ ಅಂದಾಜು ತಯಾರಿಸುತ್ತ ಕೂರುವುದನ್ನು ನಿಲ್ಲಿಸಲಾಯಿತು, ಒಮ್ಮೆಗೆ ಕೈಯಲ್ಲಿರುವ ಕೆಲಸಗಳಿಗೆ ಮಿತಿ ಹಾಕಲಾಯಿತು. ಒಂದು ವರ್ಷದೊಳಗೆ ಆ ಐದು ತಿಂಗಳು ಕೆಲವೇ ವಾರಗಳಿಗೆ ಇಳಿಯಿತು. ತಂತ್ರಾಂಶ ಕಂಪನಿಗಳಲ್ಲಿ ಈಗ 'ಕಾನ್‌ಬಾನ್' ಎಂದು ಪ್ರಚಾರದಲ್ಲಿರುವ ಪದ್ಧತಿ ಇಂತಹ ಪ್ರಯತ್ನಗಳಿಂದ ಬೆಳೆದದ್ದು; ಹೆಸರು ಟೊಯೋಟಾ ಕಾರ್ಖಾನೆಯ ಚೀಟಿ ಪದ್ಧತಿಯಿಂದ ಬಂತು.

ಅಲೆನ್ ಅವರಿಗೆ ಅನ್ಯಾಯವಾಗಬಾರದು. ಒಪ್ಪಿಕೊಳ್ಳದಿರುವುದೂ ಒಂದು ದಾರಿ ಎಂದು ಅವರ ಪುಸ್ತಕ ಹೇಳುತ್ತದೆ. ಈಗ ಬೇಡವಾದುದನ್ನು 'ಮುಂದೆಂದಾದರೂ' ಎಂಬ ಪಟ್ಟಿಗೆ ತಳ್ಳುವ ಅವಕಾಶವನ್ನೂ ಕೊಡುತ್ತದೆ. ಆದರೆ ಕೈಯಲ್ಲಿ ಎಷ್ಟು ಇರಬಹುದು ಎಂಬ ಮಿತಿ ಅದರಲ್ಲಿ ಇಲ್ಲ. 30ರಿಂದ 100 ಎಂಬುದನ್ನು ಅದು ಪ್ರಶ್ನಿಸದೆ ಒಪ್ಪಿಕೊಂಡು, ಅಷ್ಟನ್ನೂ ಶಾಂತವಾಗಿ ನೋಡಿಕೊಳ್ಳುವುದು ಹೇಗೆಂದು ಕಲಿಸುತ್ತದೆ. ಪುಸ್ತಕದ ಮುಖ್ಯ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಮುಂದಿನ ಹೆಜ್ಜೆ ಗೊತ್ತಿಲ್ಲದ ಕೆಲಸ

ಎರಡನೆಯ ಕೊರತೆ ವಿದ್ಯಾರ್ಥಿಗಳಿಗೆ ಹೆಚ್ಚು ಸಂಬಂಧಿಸಿದ್ದು. ಪ್ರತಿಯೊಂದು ಕೆಲಸಕ್ಕೂ ಮುಂದಿನ ಹೆಜ್ಜೆಯನ್ನು ಹೇಳಬಹುದು ಎಂದು ಈ ವಿಧಾನ ಭಾವಿಸುತ್ತದೆ. ಕಚೇರಿಯ ಕೆಲಸದಲ್ಲಿ ಅದು ನಿಜ. ಆದರೆ ಕಲಿಕೆ ಮತ್ತು ಸಂಶೋಧನೆಯಲ್ಲಿ ಮುಂದಿನ ಹೆಜ್ಜೆ ಯಾವುದೆಂದು ಕಂಡುಕೊಳ್ಳುವುದೇ ಕೆಲಸ. ಯಂತ್ರವಿಜ್ಞಾನದ ಒಂದು ಕಠಿಣ ಸಮಸ್ಯೆಯನ್ನು ಹಿಡಿದು ಕುಳಿತ ವಿದ್ಯಾರ್ಥಿ ಎರಡು ಗಂಟೆ ಏನೂ ಬರೆಯದೆ ಇರಬಹುದು. ಆ ಎರಡು ಗಂಟೆಗಳಲ್ಲಿ ಟಿಕ್ ಹಾಕಲು ಏನೂ ಇರುವುದಿಲ್ಲ. ಸಮುದ್ರ ನೀಲಿಯಾಗಿರುವುದೇಕೆ ಎಂಬ ಪ್ರಶ್ನೆ ಸಿ.ವಿ. ರಾಮನ್ ಅವರನ್ನು 1921ರ ಹಡಗಿನ ಪ್ರಯಾಣದಲ್ಲಿ ಹಿಡಿಯಿತು. ರಾಮನ್ ಪರಿಣಾಮ ಕಂಡದ್ದು 1928ರ ಫೆಬ್ರವರಿ 28ರಂದು. ನಡುವಿನ ಏಳು ವರ್ಷಗಳ ಪ್ರಯೋಗಗಳಿಗೆ ದಿನದಿನದ ಪಟ್ಟಿ ಇರಬಹುದಿತ್ತು. ಪ್ರಶ್ನೆಯನ್ನು ಬಿಡದೆ ಹಿಡಿದಿರುವುದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.

ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಟೊಮೇಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ರೂಪಿಸಿದ 'ಪೊಮೊಡೊರೊ' ವಿಧಾನವನ್ನೂ ಹೀಗೆಯೇ ನೋಡಬೇಕು. 25 ನಿಮಿಷ ಓದು, 5 ನಿಮಿಷ ವಿಶ್ರಾಂತಿ, ಇಂತಹ ನಾಲ್ಕು ಸುತ್ತಿನ ಮೇಲೆ ದೀರ್ಘ ವಿಶ್ರಾಂತಿ. ಓದಲು ಕೂರಲಾರದವರನ್ನು ಕೂರಿಸಲು, ಮೊಬೈಲನ್ನು ಅರ್ಧ ಗಂಟೆ ದೂರವಿಡಲು ಇದು ಸಹಕಾರಿ. ಆದರೆ ದೀರ್ಘವಾದ ಸಾಧನೆಯೊಂದು ಕೈಹಿಡಿಯುವ ಹೊತ್ತಿಗೆ ಗಂಟೆ ಬಾರಿಸಿದರೆ, ಗಂಟೆಯನ್ನೇ ಬಿಡಬೇಕು.

ಹೊಣೆ ಯಾರದು?

'ಗಣಕ ಪ್ರೋಗ್ರಾಮಿಂಗ್ ಕಲೆ' ಕುರಿತ ಸಂಪುಟಗಳಿಂದ ಪ್ರಸಿದ್ಧರಾದ ಡೊನಾಲ್ಡ್ ಕ್ನೂತ್ 1990ರ ಜನವರಿ 1ರಿಂದ ಇ-ಮೇಲ್ ವಿಳಾಸ ಇಟ್ಟುಕೊಳ್ಳುವುದನ್ನೇ ಬಿಟ್ಟರು. ದೀರ್ಘಕಾಲದ ಏಕಾಗ್ರತೆ ಬೇಡುವ ಕೆಲಸಕ್ಕೆ ಅದು ಹೊಂದುವುದಿಲ್ಲ ಎಂಬುದು ಅವರ ಕಾರಣ. ಬರುವ ದರವನ್ನೇ ಇಳಿಸಿದ ಸ್ಪಷ್ಟ ಉದಾಹರಣೆ ಇದು. ಆದರೆ ಅವರು ಸ್ಟ್ಯಾನ್‌ಫರ್ಡಿನ ಹೆಸರಾಂತ ಪ್ರಾಧ್ಯಾಪಕರು. ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರೊಬ್ಬರು ವಾಟ್ಸ್ಆ್ಯಪ್ ಗುಂಪಿಗೆ ಸೇರುವುದಿಲ್ಲ ಎಂದರೆ ಮುಂದಿನ ವರ್ಷ ಅವರಿಗೆ ಕೆಲಸ ಸಿಗುವುದೇ ಅನುಮಾನ.

ಅಂದರೆ ಬರುವ ದರ ಎಂಬ ಪರಿಮಾಣ ಬಹುಮಟ್ಟಿಗೆ ಕೆಲಸ ಮಾಡುವವರ ಕೈಯಲ್ಲಿಲ್ಲ. ಕೆಲಸ ಕೊಡುವವರ ಕೈಯಲ್ಲಿದೆ. ಒಂದೇ ಮಾಹಿತಿಯನ್ನು ಮೂರು ಜಾಲತಾಣಗಳಲ್ಲಿ ತುಂಬಲು ಹೇಳುವುದು, ಸಂಜೆ ಏಳಕ್ಕೆ ಸಂದೇಶ ಕಳಿಸಿ ರಾತ್ರಿಯೊಳಗೆ ವರದಿ ಕೇಳುವುದು ಇವೆಲ್ಲ ಕಳಿಸುವವರಿಗೆ ಗಣಕದಿಂದ ಬಹಳ ಸುಲಭವಾಗಿವೆ. ಕಳಿಸುವವರ ಉತ್ಪಾದಕತೆ ಹೆಚ್ಚಿದಷ್ಟೂ ಸ್ವೀಕರಿಸುವವರ ಸಾಲು ಉದ್ದವಾಗುತ್ತದೆ. ಪತ್ರವನ್ನು ಕ್ಷಣದಲ್ಲಿ ಬರೆದುಕೊಡುವ ಹೊಸ ಸಾಧನಗಳಿಂದ ಇದು ಹೆಚ್ಚುವ ಸಂಭವವೇ ಇದೆ. ಇಂತಹ ಹೊತ್ತಿನಲ್ಲಿ ಅಧ್ಯಾಪಕರಿಗೆ ಸಮಯ ನಿರ್ವಹಣೆಯ ಕಾರ್ಯಾಗಾರ ಏರ್ಪಡಿಸಿ ಸುಮ್ಮನಾಗುವುದು ಸಾಲದು. ಹೊರೆಯ ದೋಷವನ್ನು ಹೊತ್ತವನ ದೋಷವೆಂದು ತೋರಿಸಿದಂತಾಗುತ್ತದೆ. ಅದರ ಫಲವಾಗಿ ಕಡಿಮೆಯಾಗುವುದು ಪಾಠದ ಸಿದ್ಧತೆ; ನಷ್ಟ ಅನುಭವಿಸುವವರು ಮಕ್ಕಳು.

ಉಳಿಸಿಕೊಳ್ಳಬೇಕಾದದ್ದು

ಅಲೆನ್ ಅವರ ಪುಸ್ತಕವನ್ನು ನೆನಪಿನ ಸಾಧನವೆಂದು ಓದಿದರೆ ಲಾಭವಿದೆ. ಕಾಲವನ್ನು ಹೆಚ್ಚಿಸುವ ಸಾಧನವೆಂದು ಓದಿದರೆ ನಿರಾಶೆಯಾಗುತ್ತದೆ. ಬಾಕಿಗಳನ್ನು ಒಂದೇ ಕಡೆ ಬರೆದಿಡುವುದು, ವಾರಕ್ಕೊಮ್ಮೆ ನೋಡುವುದು ಇವೆರಡನ್ನು ಇಟ್ಟುಕೊಳ್ಳೋಣ. ಅದಕ್ಕೆ ಒಂದು ನೋಟ್ ಪುಸ್ತಕ ಸಾಕು. ಚಿಕ್ಕ ಕೆಲಸಗಳಿಗೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿ, ದಿನದ ಮೊದಲ ಎರಡು ಗಂಟೆಗಳನ್ನು ದೊಡ್ಡ ಕೆಲಸವೊಂದಕ್ಕೆ ಮೀಸಲಿಡುವುದು ಒಳ್ಳೆಯದು. ಒಮ್ಮೆಗೆ ಕೈಯಲ್ಲಿ ಎಷ್ಟು ದೊಡ್ಡ ಕೆಲಸ ಇರಬಹುದು ಎಂಬ ಸಂಖ್ಯೆಯನ್ನು, ಮೂರೋ ನಾಲ್ಕೋ, ಮೊದಲೇ ನಿರ್ಧರಿಸಿಕೊಂಡು, ಒಂದು ಮುಗಿಯದೆ ಇನ್ನೊಂದನ್ನು ಹಿಡಿಯದಿರುವುದು ವಿದ್ಯಾರ್ಥಿಗಳಿಗೂ ಸಾಧ್ಯ.

ಹೊಸ ಆ್ಯಪ್ ಹಾಕಿಕೊಳ್ಳುವ ಮೊದಲು ನಾಲ್ಕು ವಾರ ಒಂದು ಲೆಕ್ಕ ಇಟ್ಟು ನೋಡಿ: ಬಂದ ಕೆಲಸ ಎಷ್ಟು, ಮುಗಿದದ್ದು ಎಷ್ಟು, ಉಳಿದದ್ದು ಎಷ್ಟು, ಯಾವುದಕ್ಕೆ ಎಷ್ಟು ಗಂಟೆ ಹೋಯಿತು. ಬಂದದ್ದು ಮುಗಿದದ್ದಕ್ಕಿಂತ ಹೆಚ್ಚಿದ್ದರೆ ಯಾವ ತಂತ್ರಾಂಶವೂ ನಿಮ್ಮನ್ನು ಪಾರುಮಾಡದು. ಆಗ ಆ ಲೆಕ್ಕದ ಹಾಳೆಯನ್ನು ವಿಭಾಗದ ಸಭೆಯಲ್ಲಿ ಮುಖ್ಯಸ್ಥರ ಮುಂದಿಟ್ಟು, ಇದರಲ್ಲಿ ಯಾವುದನ್ನು ಬಿಡಬಹುದು ಎಂದು ಕೇಳುವುದೇ ಸರಿಯಾದ ಮುಂದಿನ ಹೆಜ್ಜೆ.